ಕೋಳಿ ಮಾತ್ರೆ

ಚಳ್ಳಕೆರೆಯ ಗೋವರ್ಧನ ಡಾಕ್ಟರ ವೈದ್ಯಶಾಸ್ತ್ರ ಬಹಳ ಸರಳ. ರೋಗಿ ಎದ್ದು ಓಡಾಡಿದರೆ ಅದು ಡಾಕ್ಟರ ಕೈಗುಣ. ಮಲಗಿಬಿಟ್ಟರೆ ಅದು ರೋಗಿಯ ಬಾಯಿಗುಣ, ಅಂದರೆ ತಿನ್ನಬಾರದ್ದು ಏನನ್ನೋ ತಿಂದಿದ್ದಾನೆ. ಈ ಶಾಸ್ತ್ರವನ್ನು ನಂಬಿ ಅರ್ಧ ತಾಲೂಕು ಅವರ ಕ್ಲಿನಿಕ್ಕಿನ ಮುಂದೆ ಬಂದು ಕೂರುತ್ತದೆ. ಗುಡಿಗೆ ಹೋದವರ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಒಳಗಿರುವ ದೇವರು ಒಂದು ಕೈಯಲ್ಲಿ ಫೋನು ಹಿಡಿದು ಸೈಟಿನ ವ್ಯಾಪಾರ ಮಾತಾಡುತ್ತಾ ಇನ್ನೊಂದು ಕೈಯಲ್ಲಿ ನಾಡಿ ನೋಡುತ್ತದೆ.

ನನ್ನ ತಂಗಿ ಸರಿತಾಳೂ ಚಪ್ಪಲಿ ಬಿಟ್ಟೇ ಒಳಗೆ ಹೋದಳು. ಅವಳ ಗಂಡನ ಮನೆ ಮೊಳಕಾಲ್ಮುರು ತಾಲೂಕಿನಲ್ಲಿ, ಬಿ.ಜಿ. ಕೆರೆಯಿಂದ ಒಳಗೆ ಹೋದರೆ ಸಿಗುವ ಒಂದು ಹಟ್ಟಿ. ನಾನು ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಉಳ್ಳಾರ್ತಿ ಕಾವಲಿನ ಕಡೆಯ ಒಂದು ದೊಡ್ಡ ಕ್ಯಾಂಪಸ್ಸಿಗೆ ನೆಲ ಒರೆಸುವ ಕೆಲಸಕ್ಕೆ ಹೋಗುತ್ತೇನೆ. ನಮ್ಮ ಹಿರಿಯರು ದನ ಮೇಯಿಸಿದ ಹುಲ್ಲುಗಾವಲಿನ ಮೇಲೆ ಈಗ ನಾನು ಫಿನಾಯಿಲ್ ಸುರಿಯುತ್ತೇನೆ. ಇದನ್ನು ಪ್ರಗತಿ ಎನ್ನುತ್ತಾರೆ, ಇರಲಿ. ಸರಿತಾಳಿಗೆ ಉರಿಮೂತ್ರ ಶುರುವಾಗಿ, ಹಟ್ಟಿಯಲ್ಲಿ ಎಳನೀರು, ಜೀರಿಗೆ ನೀರು ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದಳು. ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ನಾನು ಅವಳನ್ನು ಗೋವರ್ಧನ ಡಾಕ್ಟರ ಮುಂದೆ ಕೂರಿಸಿದೆ.

"ಮಾತ್ರೆ ಕೊಡ್ತೀನಿ, ಊಟ ಆದ್ಮೇಲೆ ತಗೋ," ಅಂದರು ಡಾಕ್ಟರು.

"ಸಾರ್, ಒಂದು ಬಿಳೀ ಮಾತ್ರೆ ನಂಗೆ ಆಗಿಬರಾದಿಲ್ರಿ," ಅಂದಳು ಸರಿತಾ. "ಮದುವೆಗೆ ಮುಂಚೆ ಒಂದ್ಸಾರಿ ತಗಂಡಿದ್ದೆ. ತುಟಿ ಬಾತು, ಮೈಯೆಲ್ಲ ದದ್ದು ಎದ್ದಿದ್ವು."

"ಹೆಸರೇನು ಅದರದು?"

"ಗೊತ್ತಿಲ್ಲ ಸಾರ್. ಬಿಳೀದು. ದೊಡ್ಡದು. ನಡುವೆ ಒಂದು ಗೆರೆ ಐತೆ."

ಡಾಕ್ಟರು ನಕ್ಕರು. "ಬಿಳೀದು ಬೇಡ ಅಂದ್ರೆ ಇನ್ಯಾವ ಬಣ್ಣದ್ದು ಕೊಡಲಮ್ಮ? ಮೊಳಕಾಲ್ಮುರು ಸೀರೆ ಆರಿಸ್ತಾ ಇದೀಯಾ?"

ಕಾಂಪೌಂಡರ್ ಪಾಲಾಕ್ಷನೂ ನಕ್ಕ. ಯಜಮಾನ ಕೆಮ್ಮಿದರೂ ನಗುವ ಜಾತಿಯವನು ಅವನು. ನಗುತ್ತಲೇ ದೊಡ್ಡ ಡಬ್ಬಿಯೊಳಗೆ ಕೈ ಹಾಕಿ, ಕಡಲೆಕಾಯಿ ಬೀಜ ತೆಗೆದ ಹಾಗೆ ಒಂದು ಹಿಡಿ ಮಾತ್ರೆ ತೆಗೆದು, ಹಳೆ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟ. ಪೊಟ್ಟಣಕ್ಕೆ ಹೆಸರಿಲ್ಲ, ಊರಿಲ್ಲ. ಮದುವೆಗೆ ಮುಂಚೆ ಇನ್ನೊಂದು ಊರಿನ ಇನ್ನೊಬ್ಬ ಮಹಾನುಭಾವ ಕೊಟ್ಟದ್ದೂ ಇಂಥದೇ ಪೊಟ್ಟಣ. ನಮ್ಮ ಕಡೆ ಎಷ್ಟೋ ಜನರಿಗೆ ತಾವು ನುಂಗಿದ ಮಾತ್ರೆಯ ಹೆಸರು ಗೊತ್ತಾಗುವ ಹಾಗೆ ಕೊಡುವವರೇ ಇಲ್ಲ. ಹೆಸರಿಲ್ಲದೆ ಕೊಟ್ಟವರೇ ಮುಂದಿನ ಸಲ ಹೆಸರು ಹೇಳು ಎಂದು ನಗುತ್ತಾರೆ.

ಸರಿತಾ ಹಟ್ಟಿಗೆ ಹೋದಳು, ಮಾತ್ರೆ ನುಂಗಿದಳು. ಮೊದಲು ಜ್ವರ ಬಂತು. ಆಮೇಲೆ ಕಣ್ಣು ಕೆಂಪಾಯಿತು, ಬಾಯೊಳಗೆಲ್ಲ ಬೊಬ್ಬೆ ಎದ್ದವು, ಎದೆಯ ಮೇಲೆ ಕಪ್ಪು ಕೆಂಪು ಮಚ್ಚೆ ಬಂದು ಚರ್ಮ ಸುಲಿಯತೊಡಗಿತು. ಅವಳ ಅತ್ತೆ ಪಾಪಕ್ಕ, ಇದು ಸಿಡುಬು, ಅಮ್ಮ ಬಂದಿದ್ದಾಳೆ ಎಂದು ತೀರ್ಮಾನ ಮಾಡಿ ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ಅಮ್ಮ ಬಂದಾಗ ಬಾಯಿ ಬಿಟ್ಟು ಅಳಬಾರದು ಎಂದೂ ಹೇಳಿದಳಂತೆ. ಸೊಸೆ ನೀರು ಕುಡಿಯುವುದನ್ನೂ ಬಿಟ್ಟ ಮೇಲೆ ಅವಳ ಗಂಡ ಮಾರುತೇಶನಿಗೆ ಹೆದರಿಕೆಯಾಗಿ, ತನ್ನ ಲಗೇಜ್ ಆಟೋದ ಹಿಂದೆ ಚಾಪೆ ಹಾಕಿ ಅವಳನ್ನು ಮಲಗಿಸಿಕೊಂಡು ಮತ್ತೆ ಗೋವರ್ಧನ ಡಾಕ್ಟರ ಹತ್ತಿರವೇ ತಂದ. ನನಗೂ ಫೋನು ಮಾಡಿದ. ನಾನು ಓಡಿಹೋದೆ.

ಅವಳನ್ನು ನೋಡಿದ ಕೂಡಲೇ ಡಾಕ್ಟರು ಫೋನು ಕೆಳಗಿಟ್ಟರು. ಅವರು ಫೋನು ಕೆಳಗಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಏನು ತಿಂದ್ಯಮ್ಮಾ?"

ಅವಳು ಬಾಯಿ ತೆರೆಯಲಾರದೆ ಕೈಯಲ್ಲಿ ಪೊಟ್ಟಣ ತೋರಿಸಿದಳು. ಡಾಕ್ಟರು ಪೊಟ್ಟಣ ನೋಡಲಿಲ್ಲ, ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟುಕೊಂಡರು. "ಕೋಳಿಗೀಳಿ ತಿಂದಿರ್ತಾಳೆ. ಫುಡ್ ಅಲರ್ಜಿ. ದಾವಣಗೆರೆಗೆ ಕರ್ಕೊಂಡು ಹೋಗಿ, ಬೇಗ ಹೋಗಿ." ಹಾಗೆಂದು ಚೀಟಿ ಬರೆದು ಕೈಗಿಟ್ಟು, ನಮ್ಮನ್ನು ಬಾಗಿಲಿನಿಂದ ಆಚೆಗೆ ದಾಟಿಸಿ ನಿಟ್ಟುಸಿರುಬಿಟ್ಟರು. ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡ ಪಾಲಾಕ್ಷ, ಉಳಿದ ಮಾತ್ರೆಗಳನ್ನು ಮತ್ತೆ ಅದೇ ಡಬ್ಬಿಗೆ ಸುರಿದ. ಪದಾರ್ಥ ಹಾಳು ಮಾಡಬಾರದಲ್ಲ.

ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಚಿತ್ರಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಚೀಟಿ ಓದಿ ಹುಬ್ಬೇರಿಸಿದರು.

"ಇದು ಕೋಳಿ ತಿಂದು ಬರೋದಲ್ಲಮ್ಮ. ಮಾತ್ರೆಯಿಂದ ಬಂದಿರೋದು. ಯಾವ ಮಾತ್ರೆ ಕೊಟ್ಟಿದ್ರು?"

ಮತ್ತೆ ಅದೇ ಪ್ರಶ್ನೆ. ಬಿಳೀದು, ದೊಡ್ಡದು, ನಡುವೆ ಗೆರೆ. ಈಯಮ್ಮ ನಗಲಿಲ್ಲ. ಕ್ಲಿನಿಕ್ಕಿಗೆ ತಾವೇ ಫೋನು ಮಾಡಿದರು. ಆ ಕಡೆಯಿಂದ ಗೋವರ್ಧನ ಡಾಕ್ಟರು, ಜ್ವರದ ಮಾತ್ರೆ ಬಿಟ್ಟು ತಾನು ಏನೂ ಕೊಟ್ಟಿಲ್ಲ ಎಂದರಂತೆ. ಉರಿಮೂತ್ರಕ್ಕೆ ಬರೀ ಜ್ವರದ ಮಾತ್ರೆ ಕೊಡುವ ಡಾಕ್ಟರನ್ನು ನಂಬಬೇಕೋ, ಸುಲಿದ ಚರ್ಮವನ್ನು ನಂಬಬೇಕೋ?

ಸರಿತಾ ಬಹಳ ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿದಳು. ಮನೆಗೆ ಕಳಿಸುವ ಮುಂಚೆ ಚಿತ್ರಾ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಜ್ಯೋತಿಲಕ್ಷ್ಮಿ, ಸರಿಯಾಗಿ ಕೇಳಿ. ಅದೇ ಮಾತ್ರೆ ಇನ್ನೊಂದು ಸಲ ಇವಳ ಹೊಟ್ಟೆಗೆ ಹೋದ್ರೆ ನಾವು ಉಳಿಸೋಕಾಗದೆ ಇರಬಹುದು. ಇಂಥ ಕೇಸುಗಳನ್ನ ನಾವು ಮೇಲಕ್ಕೆ ವರದಿ ಮಾಡ್ತೀವಿ. ರೋಗಿಗಳೂ ಮಾಡಬಹುದು. ಇವಳ ಹೆಸರಿನಲ್ಲಿ ಒಂದು ಕಾರ್ಡೂ ಕೊಡ್ತೀವಿ, ಎಲ್ಲಿ ಹೋದ್ರೂ ತೋರಿಸೋಕೆ. ಆದ್ರೆ ಅದರಲ್ಲಿ ಮಾತ್ರೆ ಹೆಸರು ಇರಬೇಕು. ಬಿಳೀ ಮಾತ್ರೆ ಅಂತ ಬರೆದುಕೊಟ್ರೆ ಯಾರು ಏನು ಮಾಡ್ತಾರೆ? ಹೆಸರು ಬರೆಸಿಕೊಂಡು ಬನ್ನಿ."

ಅಷ್ಟೇ ಕೆಲಸ. ಒಂದು ಹೆಸರು.

ನಾನು ಕ್ಲಿನಿಕ್ಕಿಗೆ ಹೋದೆ. ಚಪ್ಪಲಿ ಬಿಡದೆ ಒಳಗೆ ಹೋದೆ.

"ಹೆಸರು ತಿಳ್ಕೊಂಡು ನೀನೇನು ಡಾಕ್ಟರಾಗ್ತೀಯಾ?" ಅಂದರು ಗೋವರ್ಧನ ಡಾಕ್ಟರು. "ಸಾವಿರ ಜನಕ್ಕೆ ಕೊಟ್ಟಿದೀನಿ. ಯಾರಿಗೂ ಆಗದ್ದು ನಿನ್ನ ತಂಗಿಗೆ ಒಬ್ಬಳಿಗೇ ಆಗೋದಕ್ಕೆ ಅವಳೇನು ರಾಜಕುಮಾರೀನಾ?"

"ಹೆಸ್ರು ಬರ್ಕೊಡ್ರಿ ಸಾರ್. ನಾನು ಬೇರೇನೂ ಕೇಳಲ್ಲ."

"ಕೋಳಿ ಅಂತ ಬರೆದುಕೊಟ್ಟಿದೀನಲ್ಲ, ಹೋಗು."

ಹೊರಗೆ ಕೂತಿದ್ದ ರೋಗಿಗಳು ನನ್ನ ಮೇಲೆಯೇ ಬಿದ್ದರು. ದೇವರಂಥ ಡಾಕ್ಟರಂತೆ. ರಾತ್ರಿ ಬಾಗಿಲು ತಟ್ಟಿದರೂ ಸೂಜಿ ಚುಚ್ಚುತ್ತಾರಂತೆ. ಹಾಗಂದ ಒಬ್ಬ ಹೆಂಗಸಿನ ಎರಡು ತೋಳಿನ ಮೇಲೂ ಕೆಂಪು ದದ್ದು ಎದ್ದಿದ್ದವು. "ಇದೇನಕ್ಕ?" ಎಂದು ಕೇಳಿದೆ. "ಇವ್ರು ಕೊಟ್ಟ ಔಷಧಿ ಹೀಟಾಗೈತೆ ಕಣಮ್ಮ," ಅಂದಳು. "ಅದ್ನ ಅವ್ರಿಗೆ ಹೇಳಿದ್ಯಾ?" "ಅಯ್ಯೋ, ಬೇಜಾರು ಮಾಡ್ಕಂತಾರೆ ಅಂತ ಸುಮ್ಕಿದೀನಿ." ತನ್ನ ಮೈ ಉರಿದರೂ ಡಾಕ್ಟರ ಮನಸ್ಸು ನೋಯಬಾರದು. ಇಂಥವರನ್ನು ನೋಡಿದರೆ ನನಗೆ ಕನಿಕರ ಬರುವುದಿಲ್ಲ, ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಹೆಸರಿಲ್ಲದೆ ವಾಪಸ್ಸು ಬಂದೆ. ಆ ವಾರ ಸರಿತಾಳನ್ನು ನೋಡಲು ಹಟ್ಟಿಗೆ ಹೋದರೆ ಅವಳು ಮನೆಯಲ್ಲಿ ಇರಲಿಲ್ಲ. ಹಟ್ಟಿಯ ಬೇಲಿಯ ಆಚೆ, ಮೇವು ಹಾಕುವ ತಗಡಿನ ಶೆಡ್ಡಿನಲ್ಲಿ ಒಂದು ಈಚಲ ಚಾಪೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಬೆಳಕು ಅವಳ ಕಣ್ಣಿಗೆ ಚುಚ್ಚುತ್ತಿತ್ತು.

"ಇಲ್ಲಿ ಯಾಕೆ ಕುಂತೀಯೇ?"

"ಕೋಳಿ ತಿಂದೀನಂತೆ ಅಕ್ಕ," ಅಂದಳು. ಬಾಯಿ ಇನ್ನೂ ಮಾಗಿರಲಿಲ್ಲ. ಮಾತು ಬಟ್ಟೆ ಸುತ್ತಿಕೊಂಡು ಬಂದಂತೆ ಬರುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಮ್ಯಾಸರು, ದನ ಕಾಯುವ ಬೇಡರ ಕುಲ. ನಮ್ಮವರು ಕುರಿ ತಿನ್ನುತ್ತಾರೆ, ಮೇಕೆ ತಿನ್ನುತ್ತಾರೆ, ಕೋಳಿಯನ್ನು ಮಾತ್ರ ಮುಟ್ಟುವುದಿಲ್ಲ. ಹಟ್ಟಿಯೊಳಗೆ ಕೋಳಿ ಸಾಕುವ ಹಾಗಿಲ್ಲ, ಕೋಳಿಯ ಒಂದು ಪುಕ್ಕ ಗಾಳಿಗೆ ಹಾರಿಬಂದರೂ ಹಿರಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ತಿಂದವರು ಕುಲಕ್ಕೆ ಹೊರಗು. ಹಿಂದೆಲ್ಲ ಎಕ್ಕದ ಕಡ್ಡಿ ಕಾಯಿಸಿ ನಾಲಿಗೆ ಸುಟ್ಟು ಒಳಗೆ ಸೇರಿಸಿಕೊಳ್ಳುತ್ತಿದ್ದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈಗ ಕಾಲ ಮುಂದುವರಿದಿದೆ, ಗಂಜಲ ಕುಡಿಸಿ ತಪ್ಪು ಒಪ್ಪಿಸುತ್ತಾರೆ.

ಗೋವರ್ಧನ ಡಾಕ್ಟರಿಗೆ ಇದೆಲ್ಲ ಗೊತ್ತಿರಲಿಲ್ಲ. ಮೈಮೇಲೆ ದದ್ದು ಕಂಡರೆ ಕೋಳಿ ಎಂದು ಬರೆಯುವುದು ಅವರ ಕೈಗೆ ರೂಢಿ. ಆ ಚೀಟಿಯನ್ನು ಹಟ್ಟಿಯಲ್ಲಿ ಬಿಡಿಸಿ ಓದಿದವನು ಮಾರುತೇಶ. ಅವನಿಗೆ ಇಂಗ್ಲಿಷು ಬರುವುದಿಲ್ಲ. ಆಸ್ಪತ್ರೆಯ ಬೋರ್ಡು ಓದಲು ಬರುವುದಿಲ್ಲ, ತನ್ನ ಗಾಡಿಯ ವಿಮೆಯ ಕಾಗದ ಓದಲು ಬರುವುದಿಲ್ಲ. ಆದರೆ ಆ ಗೀಚಿದ ಅಕ್ಷರದ ನಡುವೆ ಚಿಕನ್ ಎಂಬ ಒಂದು ಪದವನ್ನು ಮಾತ್ರ ಕಣ್ಣುಮುಚ್ಚಿ ಗುರುತಿಸಿಬಿಟ್ಟ. ಅದನ್ನು ಅವನು ಯಾವ ಶಾಲೆಯಲ್ಲಿ ಕಲಿತ ಎಂದು ಹಟ್ಟಿಯಲ್ಲಿ ಒಬ್ಬರೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಸರಿತಾಳ ಮಾವ ಓಬಯ್ಯ ಹಟ್ಟಿಯ ಹಿರಿಯ. ಮನೆಯೊಳಗೆ ತೆಲುಗು ಮಾತಾಡುವ ಮಂದಿ ಅವರು, ಸಿಟ್ಟು ಬಂದರೆ ಬೀದಿಯಲ್ಲೂ ತೆಲುಗೇ. ಅವನು ಸೊಸೆಯ ಕಣ್ಣು ಹೇಗಿದೆ ಎಂದು ಕೇಳಲಿಲ್ಲ, ಅನ್ನ ಇಳಿಯುತ್ತದಾ ಎಂದು ಕೇಳಲಿಲ್ಲ. "ಕೋಡಿ ತಿನ್ನಾವಾ?" ಎಂದೊಂದೇ ಕೇಳಿದನಂತೆ. ಕೋಡಿ ಅಂದರೆ ಕೋಳಿ. ಅವಳು ಇಲ್ಲ ಎಂದಳು. ಡಾಕ್ಟರು ಬರೆದದ್ದು ಸುಳ್ಳಾಗುತ್ತದಾ ಎಂದ. ಸೋಮವಾರ ದೇವರ ಗುಡಿಯ ಮುಂದೆ ಗಂಜಲ ಕುಡಿಸುವುದೆಂದು ತೀರ್ಮಾನವಾಗಿತ್ತು. ಮಾತ್ರೆ ಸುಟ್ಟ ಬಾಯಿ, ಅನ್ನದ ಗಂಜಿಗೂ ಉರಿಯುವ ಬಾಯಿ. ಅದಕ್ಕೆ ಈ ಪುಣ್ಯಾತ್ಮರು ದನದ ಉಚ್ಚೆ ಹುಯ್ಯಲು ಚೊಂಬು ತೊಳೆದಿಟ್ಟುಕೊಂಡಿದ್ದರು.

ನನಗೆ ಬಂದ ಸಿಟ್ಟಿಗೆ ಹಟ್ಟಿಗೇ ಬೆಂಕಿ ಇಡಬೇಕು ಅನ್ನಿಸಿತು. ಆದರೆ ಸಿಟ್ಟಿನಿಂದ ಹೆಸರು ಸಿಗುವುದಿಲ್ಲ. ಮಾತ್ರೆ ತಪ್ಪು ಎಂದು ನಾನು ಒಬ್ಬಳೇ ಕೂಗಿದರೆ ಗೋವರ್ಧನ ಡಾಕ್ಟರಿಗೆ ಸೊಳ್ಳೆ ಕೂಗಿದಷ್ಟೂ ಕೇಳಿಸದು. ಇಡೀ ಹಟ್ಟಿ ಕೋಳಿ ಎಂದು ಕೂಗಿದರೆ ಕೇಳಿಸಬಹುದು ಅನ್ನಿಸಿತು.

ಮೊದಲು ಮಾರುತೇಶನ ಹತ್ತಿರ ಹೋದೆ. ಗಾಡಿಯ ಗಾಜು ಒರೆಸುತ್ತಿದ್ದ.

"ಮಾರುತೇಶ, ಚಳ್ಳಕೆರೆ ಸಂತೆ ಬೀದಿಯಾಗೆ ಕಬಾಬ್ ಗಾಡಿ ಐತಲ್ಲ, ಕೆಂಪು ಬೋರ್ಡಿಂದು. ಅದ್ರ ಬೋರ್ಡಲ್ಲಿ ಏನು ಬರ್ದೈತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾರುತೇಶ ಬಾಯಿ ಒರೆಸಿಕೊಂಡ.

"ಅಕ್ಕ, ಮೆಲ್ಲಗೆ ಮಾತಾಡ್ರಿ."

"ಹೆಂಡ್ತಿ ಶೆಡ್ಡಾಗೆ ಕುಂತವ್ಳೆ. ತಿಂದವನು ಗಾಜು ಒರೆಸ್ತಾ ಇದೀಯಾ. ನಿಮ್ಮಪ್ಪಂಗೆ ಹೇಳಲಾ, ಗಾಡಿ ತೆಗೀತೀಯಾ?"

"ಯಾವಾಗ ತೆಗೀಬೇಕು ಹೇಳ್ರಿ ಅಕ್ಕ," ಅಂದ. ಗಂಡಸರಿಗೆ ಧೈರ್ಯ ತುಂಬುವುದು ಇಷ್ಟು ಸುಲಭ ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಓಬಯ್ಯನ ಮುಂದೆ ತಲೆ ಮೇಲೆ ಸೆರಗು ಹೊದ್ದು ನಿಂತೆ. ನನ್ನ ದನಿ ಎಷ್ಟು ಸಿಹಿಯಾಗಿತ್ತೆಂದರೆ ನನಗೇ ವಾಕರಿಕೆ ಬಂತು.

"ಮಾವ, ಸರಿತಾ ಮಾತು ಬಿಡ್ರಿ. ಆ ಡಾಕ್ಟ್ರು ಬರ್ದಿರೋದು ಸರಿತಾ ಹೆಸ್ರಲ್ಲ. ಓಬಯ್ಯನ ಸೊಸೆ, ಇಂಥಾ ಹಟ್ಟಿ, ಕೋಳಿ ತಿಂದವ್ಳೆ ಅಂತ. ಅದು ದಾವಣಗೆರೆ ಕಂಪ್ಯೂಟ್ರಿಗೂ ಹೋಗೈತೆ. ಇನ್ನ ಕಾಗದ ಇರೋವರ್ಗೂ ನಿಮ್ಮನೆ ಕೋಳಿ ತಿಂದ ಮನೆ."

ಓಬಯ್ಯ ಬೀಡಿ ಕೆಳಗೆ ಹಾಕಿದ.

"ಕಂಪ್ಯೂಟ್ರಿಗೂ ಹೋಗೈತಾ?"

"ಹೋಗೈತೆ ಮಾವ. ಬರ್ದೋನೇ ಅಳಿಸ್ಬೇಕು."

ಸೊಸೆಯ ಚರ್ಮ ಸುಲಿದಾಗ ಒಬ್ಬರೂ ಏಳದ ಕಟ್ಟೆಯಿಂದ ಈಗ ಹಿರಿಯರೆಲ್ಲ ಎದ್ದರು. ಮಾರುತೇಶನ ಲಗೇಜ್ ಆಟೋ ಸಾಲದೆ ಇನ್ನೊಂದು ಗಾಡಿ ಬಂತು. ಪಾಪಕ್ಕ ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಸರಿತಾಳನ್ನು ನಾನೇ ಹಿಂದೆ ಹತ್ತಿಸಿಕೊಂಡು, ಬಿಸಿಲು ಬೀಳದ ಹಾಗೆ ಮುಖಕ್ಕೆ ಸೆರಗು ಹಿಡಿದು ಕೂತೆ. ದಾರಿಯುದ್ದಕ್ಕೂ ಗಂಡಸರು ಕುಲದ ಹಿರಿಮೆ ಮಾತಾಡಿದರು.

ಕ್ಲಿನಿಕ್ಕಿನ ಒಳಗೆ ಅಷ್ಟು ಜನ ಒಟ್ಟಿಗೆ ನುಗ್ಗಿದಾಗ ಪಾಲಾಕ್ಷ ಡಬ್ಬಿ ತಬ್ಬಿಕೊಂಡು ಗೋಡೆಗೆ ಅಂಟಿ ನಿಂತ. ಓಬಯ್ಯ ಚೀಟಿಯನ್ನು ಮೇಜಿನ ಮೇಲಿಟ್ಟ.

"ಇದ್ರಾಗೆ ಕೋಳಿ ಅಂತ ಬರ್ದೀರಂತೆ ಸಾರ್."

ಗೋವರ್ಧನ ಡಾಕ್ಟರಿಗೆ ಮೊದಲು ಬೆವರು, ಆಮೇಲೆ ಸಮಾಧಾನ. ಮಾತ್ರೆಯ ವಿಷಯಕ್ಕೆ ಬಂದವರಲ್ಲ ಎಂದು ತಿಳಿದ ಕೂಡಲೇ ಮುಖ ಅರಳಿತು.

"ಅಷ್ಟೇನಾ ಯಜಮಾನ್ರೇ? ಅದಕ್ಕೇನು ಇಷ್ಟು ಜನ ಬರಬೇಕಿತ್ತಾ? ಮೊಟ್ಟೆ ಅಂತ ಮಾಡಿಕೊಡ್ತೀನಿ ಬಿಡಿ."

"ಏನಂದ್ರಿ?" ಓಬಯ್ಯನ ದನಿಗೆ ಕಿಟಕಿಯ ಗಾಜು ನಡುಗಿತು. "ಮೊಟ್ಟೆ ಏನು ಮರದಾಗೆ ಬಿಡ್ತೈತಾ?"

ಹಿಂದಿನಿಂದ ಯಾರೋ ಕುರ್ಚಿ ಎತ್ತಿದರು. ಇನ್ಯಾರೋ ಲೇ ಎಂದರು. ಡಾಕ್ಟರು ಎರಡೂ ಕೈ ಎತ್ತಿ, "ತಪ್ಪಾಯ್ತು, ತಪ್ಪಾಯ್ತು. ಬದನೆಕಾಯಿ! ಬದನೆಕಾಯಿ ಅಂತ ಬರೀತೀನಿ. ಬದನೆಕಾಯಿ ತಿನ್ನಬಹುದಲ್ಲ ನಿಮ್ಮಲ್ಲಿ?" ಅಂದರು.

ಎತ್ತಿದ ಕುರ್ಚಿ ಕೆಳಗಿಳಿಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ತಲೆಯಾಡಿಸಿದ. "ಬದ್ನೆಕಾಯಿ ನಂಜೇ ಅಲ್ವೇನಪ್ಪ, ಮೈಗೆ ಆಗಲ್ಲ," ಎಂದ ಇನ್ನೊಬ್ಬ. ಪಾಪಕ್ಕನೂ, ಹೌದು, ಆವತ್ತು ಮನೆಯಲ್ಲಿ ಬದನೆಕಾಯಿ ಪಲ್ಯ ಮಾಡಿದ್ದೆ ಎಂದು ಸಾಕ್ಷಿ ನುಡಿದಳು. ಓಬಯ್ಯ ಗಂಟಲು ಸರಿಮಾಡಿಕೊಂಡು, "ಬದ್ನೆಕಾಯಿ ಆದ್ರೆ ಅಡ್ಡಿಯಿಲ್ಲ," ಎಂದ.

ಡಾಕ್ಟರು ನಗುತ್ತಾ ಪೆನ್ನಿನ ಕ್ಯಾಪು ತೆಗೆದರು.

ನಾನು ಬಾಗಿಲ ಹತ್ತಿರ ನಿಂತಿದ್ದ ಸರಿತಾಳನ್ನು ನೋಡಿದೆ. ಇವರೆಲ್ಲರ ಮರ್ಯಾದೆ ಉಳಿಯಿತು, ಡಾಕ್ಟರದೂ ಉಳಿಯಿತು. ನಾಳೆ ಜ್ವರ ಬಂದಾಗ ಇನ್ನೊಬ್ಬ ಪಾಲಾಕ್ಷ ಇನ್ನೊಂದು ಡಬ್ಬಿಯಿಂದ ಅದೇ ಬಿಳೀ ಮಾತ್ರೆ ತೆಗೆದು ಕೊಡುತ್ತಾನೆ, ಇವಳು ಬದನೆಕಾಯಿ ಬಿಟ್ಟುಕೊಂಡು ಸಾಯುತ್ತಾಳೆ. ಇಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಇಂಥವರ ಮುಂದೆ ನ್ಯಾಯ ಹೇಳಿ ಉಪಯೋಗವಿಲ್ಲ, ಅವರದೇ ಭಾಷೆಯಲ್ಲಿ ಹೇಳಬೇಕು.

"ಮಾವ, ಒಂದು ಮಾತು," ಅಂದೆ. "ಕೋಳಿ ಅನ್ನೋದನ್ನ ಹೊಡ್ದು ಹಾಕಿ ಬದ್ನೆಕಾಯಿ ಅಂತ ತಿದ್ದಿದ್ರೆ, ಓದಿದೋರು ಏನಂತಾರೆ? ಕೋಳಿ ತಿಂದಿದ್ದು ಖರೆ, ಊರ ಮಂದಿ ಬಂದು ಹೆದ್ರಿಸಿ ಬದ್ನೆಕಾಯಿ ಮಾಡ್ಸಿದ್ರು ಅಂತಾರೆ. ತಿಂದಿದ್ದು ಏನೂ ಇಲ್ಲ, ಮಾತ್ರೆಯಿಂದ್ಲೇ ಆಗಿದ್ದು ಅಂತ ಮಾತ್ರೆ ಹೆಸ್ರು ಬರ್ದು ಸೀಲ್ ಹೊಡೆದ್ರೆ ಮಾತ್ರ ಕೋಳಿ ಪೂರ್ತಿ ಹೋಗ್ತೈತೆ."

"ನೀನು ಹೊರಗಡೆ ಕೂತ್ಕೊಳಮ್ಮ," ಅಂದರು ಡಾಕ್ಟರು. ನಗು ಹೋಗಿತ್ತು.

"ಇರ್ರಿ ಸಾರ್. ಆಯಮ್ಮ ಹೇಳೋದ್ರಾಗೆ ನ್ಯಾಯ ಐತೆ," ಅಂದ ಓಬಯ್ಯ. "ಮಾತ್ರೆ ಅಂತ ಬರೀರಿ."

"ಅದು ಹಾಗಲ್ಲ ಯಜಮಾನ್ರೇ. ಮಾತ್ರೆಯಿಂದ ಅಂತ ಬರೆದುಕೊಟ್ರೆ ನಾಳೆ ನನ್ನ ಹೆಸರು ಏನಾಗಬೇಕು?"

"ನಿಮ್ ಹೆಸ್ರಿಗಿಂತ ನಮ್ ಕುಲ ಹಳೇದು ಸಾರ್."

ಕುರ್ಚಿ ಮತ್ತೆ ಮೇಲೆದ್ದಿತು. ಒಬ್ಬ ಹೆಣ್ಣುಮಗಳ ಕಣ್ಣಿಗೆ ಬಗ್ಗದ ಪೆನ್ನು ಕೋಳಿಗೆ ಬಗ್ಗಿತು. ಡಾಕ್ಟರು ಹೊಸ ಹಾಳೆ ತೆಗೆದು, ಹಲ್ಲು ಕಚ್ಚಿಕೊಂಡು ಬರೆದರು. ಯಾವ ಮಾತ್ರೆ, ಯಾವಾಗ ಕೊಟ್ಟದ್ದು, ಏನಾಯಿತು. ಪಾಲಾಕ್ಷ ಡಬ್ಬಿ ಬಿಡದೆ ಒಂದೇ ಕೈಯಲ್ಲಿ ಒತ್ತಿದ ಸೀಲು ಸ್ವಲ್ಪ ಓರೆಯಾಗಿ ಬಿತ್ತು.

ನಾನು ಹಾಳೆ ಎತ್ತಿಕೊಂಡು ಸರಿತಾಳ ಹತ್ತಿರ ಹೋಗಿ, ಅವಳಿಗೆ ಕೇಳಿಸಲೆಂದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಕೋ... ಟ್ರೈ... ಕೋಟ್ರೈಮಾಕ್ಸಜೋಲ್."

"ಏನಂದೆ?" ಪಾಪಕ್ಕ ಹಿಂದಿನಿಂದ ತಲೆ ತೂರಿಸಿದಳು. "ಕೋಡಿ?"

"ಕೋಟ್ರೈ ಅತ್ತೆ."

"ಕೋಡೀನೇ ಅಂದೆ, ನಂಗೆ ಕೇಳ್ತು." ಅವಳ ಕಣ್ಣು ದೊಡ್ಡವಾದವು. "ಅಯ್ಯಯ್ಯೋ! ಕೋಡಿ ಮಾತ್ರೆ! ಮಾತ್ರೆಯಾಗೆ ಕೋಳಿ ಅರೆದು ಹಾಕವ್ರೆ! ಹೆಣ್ಣುಮಗು ಅರೀದೆ ನುಂಗೈತೆ!"

ಆಗ ಆದ ಗಲಾಟೆ ಏನು ಹೇಳಲಿ. ಕೋಳಿ ಬಂದದ್ದು ಎಲ್ಲಿಂದ ಎಂಬುದು ಹಟ್ಟಿಗೆ ಒಂದೇ ಕ್ಷಣದಲ್ಲಿ ಬಗೆಹರಿದುಹೋಯಿತು. ಡಾಕ್ಟರೇ ಮೋಸದಿಂದ ತಿನ್ನಿಸಿದ್ದು, ಅದಕ್ಕೇ ಚೀಟಿಯಲ್ಲಿ ಕೋಳಿ ಎಂದು ಬರೆದದ್ದು, ಮ್ಯಾಸರ ಮೈ ಶುದ್ಧವಾದ್ದರಿಂದ ಅದನ್ನು ತಡೆಯಲಾರದೆ ಚರ್ಮ ಸುಲಿದದ್ದು. ಗೋವರ್ಧನ ಡಾಕ್ಟರು ಮೇಜು ಬಡಿದು, "ಅದು ಸಲ್ಫಾ ಔಷಧಿ ಕಣ್ರೀ, ಅದರಲ್ಲಿ ಕೋಳಿ ಇಲ್ಲ, ಕೋಳಿಗೂ ಅದಕ್ಕೂ ಸಂಬಂಧ ಇಲ್ಲ," ಎಂದು ಕೂಗಿದರು. ಯಾರೂ ಕೇಳಲಿಲ್ಲ. ಸರಿತಾ ಮಾತ್ರೆ ಆಗಿಬರಲ್ಲ ಎಂದಾಗ ಅವರು ಕೇಳಿದ್ದರಾ? ಕೊನೆಗೆ ಅವರು ನನ್ನ ಕಡೆ ತಿರುಗಿದರು. "ಏನಮ್ಮಾ, ನಿನಗೆ ಓದೋಕೆ ಬರುತ್ತಲ್ಲ, ನೀನಾದ್ರೂ ಹೇಳು ಇವರಿಗೆ."

ನಾನು ಹಾಳೆ ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. "ನಂಗೇನು ಗೊತ್ತು ಸಾರ್, ನಾನೇನು ಡಾಕ್ಟ್ರಾ?" ಅಂದೆ.

ಹಾಳೆ ದಾವಣಗೆರೆಗೆ ಹೋಯಿತು. ಚಿತ್ರಾ ಡಾಕ್ಟರು ವರದಿ ಬರೆದು ಮೇಲಕ್ಕೆ ಕಳಿಸಿದರು. ಸರಿತಾಳಿಗೆ ಕಾರ್ಡು ಕೊಟ್ಟರು. ಮೇಲಿನವರು ಓದಿದರೋ ಬಿಟ್ಟರೋ ನನಗೆ ತಿಳಿಯದು. ಗೋವರ್ಧನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಈಗಲೂ ಜನ ಚಪ್ಪಲಿ ಬಿಡುತ್ತಾರೆ, ನಮ್ಮ ಕಡೆಯ ಹಟ್ಟಿಗಳವರನ್ನು ಬಿಟ್ಟು. ಅರಿಯದೆ ನುಂಗಿದ್ದಕ್ಕೆ ತಪ್ಪಿಲ್ಲ ಎಂದು ಹಿರಿಯರು ಒಪ್ಪಿದ್ದರಿಂದ ಸರಿತಾ ಗಂಜಲ ಕುಡಿಯದೆಯೇ ಶೆಡ್ಡಿನಿಂದ ಮನೆಗೆ ಬಂದಳು. ಗಂಜಲದ ಚೊಂಬು ಮಾತ್ರ ದಂಡವಾಗಲಿಲ್ಲ, ವಾಪಸ್ಸು ಬರುವಾಗ ಕೋಳಿ ಬೇಯಿಸುವ ಹೆದ್ದಾರಿಯ ಹೋಟೆಲ್ಲಿನಲ್ಲಿ ಟೀ ಕುಡಿದದ್ದಕ್ಕೆ ಹಿರಿಯರೇ ಅದನ್ನು ಒಂದೊಂದು ಗುಟುಕು ಕುಡಿದು ಶುದ್ಧಿಯಾದರಂತೆ. ಮಾರುತೇಶ ಎರಡು ಗುಟುಕು ಕುಡಿದನಂತೆ. ಅವನ ಭಕ್ತಿಯನ್ನು ಎಲ್ಲರೂ ಹೊಗಳಿದರು.

ಕಾರ್ತೀಕ ಕಳೆದ ಮೇಲೆ ಸರಿತಾಳಿಗೆ ಗಂಟಲು ಬೇನೆ ಬಂದು ಜೋರು ಜ್ವರ ಏರಿತು. ಮಾತು ಹೊರಡದು, ಅರ್ಧಂಬರ್ಧ ಎಚ್ಚರ. ಗಡಿಬಿಡಿಯಲ್ಲಿ ಕಾರ್ಡು ಮನೆಯಲ್ಲೇ ಉಳಿಯಿತು. ಮಾರುತೇಶ ಎಂದಿನಂತೆ ಬಾಡಿಗೆಗೆ ಹೋಗಿದ್ದ. ಪಾಪಕ್ಕ ಅವಳನ್ನು ಯಾರದೋ ಗಾಡಿಯಲ್ಲಿ ಹತ್ತಿರದ ಊರಿನ ಒಂದು ಸಣ್ಣ ಔಷಧಿ ಅಂಗಡಿಗೆ ಕರೆದೊಯ್ದಳು. ಅಲ್ಲಿಯವನು ಡಬ್ಬಿಯಿಂದ ಮಾತ್ರೆ ತೆಗೆದು, ಈಗಲೇ ಒಂದು ನುಂಗಿಸು ಎಂದು ನೀರಿನ ಲೋಟ ಕೊಟ್ಟ. ಬಿಳೀದು, ದೊಡ್ಡದು, ನಡುವೆ ಗೆರೆ.

"ಹೆಸ್ರು ಹೇಳು," ಅಂದಳಂತೆ ಪಾಪಕ್ಕ.

"ಹೆಸ್ರು ಕಟ್ಕೊಂಡು ನಿಂಗೇನಜ್ಜಿ?"

"ಹೆಸ್ರು ಹೇಳದೆ ನಮ್ ಹಟ್ಟಿಯೋರು ಯಾವ್ ಮಾತ್ರೇನೂ ಮುಟ್ಟಂಗಿಲ್ಲ. ಹೇಳು."

"ಕೋಟ್ರೈ..."

ಅವನು ಹೆಸರು ಮುಗಿಸಲಿಲ್ಲ. ಪಾಪಕ್ಕ ಮಾತ್ರೆಯನ್ನು ಅವನ ಮುಖಕ್ಕೆ ಎಸೆದು, ಲೋಟದ ನೀರನ್ನು ಅಂಗಡಿಯ ಮೇಲೆ ಚೆಲ್ಲಿ, ಸೊಸೆಯನ್ನು ಅವುಚಿಕೊಂಡು ಗಾಡಿ ಹತ್ತಿದಳು. ನೆಟ್ಟಗೆ ದೊಡ್ಡ ಆಸ್ಪತ್ರೆಗೇ ಹೋದರು.

ವಾಸಿಯಾದ ಮೇಲೆ ಸರಿತಾ ನನ್ನ ಮನೆಗೆ ಬಂದು ಇದನ್ನೆಲ್ಲ ಹೇಳಿದಳು.

"ಅತ್ತೆ ನನ್ ಜೀವ ಉಳಿಸಿದ್ರಕ್ಕ."

"ನಿನ್ ಜೀವ ಅಲ್ಲ ಕಣೇ, ಅವರ ಕುಲ ಉಳಿಸ್ಕಂಡ್ರು. ಮಾತ್ರೆಯಾಗೆ ಕೋಳಿ ಇಲ್ಲ ಅಂತ ಇವತ್ತು ಗೊತ್ತಾದ್ರೆ ನಾಳೆ ತಾವೇ ನುಂಗಿಸ್ತಾರೆ."

"ಅದಕ್ಕೇ ನಾನು ಹೇಳಿಲ್ಲ ಬಿಡು," ಅಂದಳು. "ಇರ್ಲಿ ಕೋಳಿ ಅದ್ರಾಗೇ."

ಇಬ್ಬರೂ ನಕ್ಕೆವು. ಪಾಪಕ್ಕ ಮಾತ್ರೆ ಎಸೆದ ರೀತಿಯನ್ನು ಅವಳು ಮಾಡಿ ತೋರಿಸಿದಾಗ ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸರಿತಾಳ ಕಣ್ಣಲ್ಲಿ ಬರುವುದಿಲ್ಲ. ಕಣ್ಣೀರು ಊರುವ ಜಾಗವೇ ಸುಟ್ಟುಹೋಗಿದೆ, ಇನ್ನು ಅದು ಸರಿಯಾಗುವುದು ಕಷ್ಟ ಎಂದು ಚಿತ್ರಾ ಡಾಕ್ಟರು ಹೇಳಿದ್ದಾರೆ. ಅವಳು ನಗುತ್ತಲೇ ಕನ್ನಡಕ ತೆಗೆದು, ಬ್ಯಾಗಿನಿಂದ ಸಣ್ಣ ಸೀಸೆ ಹೊರಗೆ ತೆಗೆದು, ಅದರ ಮೇಲಿನ ಹೆಸರನ್ನು ಕಣ್ಣು ಕಿರಿದು ಮಾಡಿ ಪೂರ್ತಿ ಓದಿದಳು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡಳು.